ಇರುವ ಒಂದೇ ಬೇಸ್‌ನ ಫ್ರೆಟ್ ಕೀಳಬೇಡಿ

"ಡೆತ್ ಮೆಟಲ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ, ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡಿಕೊಳ್ಳಲಾ? ಎರಡು ಗಿಟಾರಿನ ಗದ್ದಲದಲ್ಲಿ ಅದು ಕೇಳಿಸುತ್ತಾ?" ಅಂತ ಕೇಳಿದ್ದೀರಿ. (ಫ್ರೆಟ್ ಅಂದರೆ ಕತ್ತಿನ ಮೇಲೆ ಸ್ವರಸ್ಥಾನಕ್ಕೊಂದರಂತೆ ಕೂರಿಸಿದ ಲೋಹದ ಅಡ್ಡಪಟ್ಟಿ.) ಕೇಳಿಸುತ್ತದೆ. ಆದರೆ ನಿಮ್ಮ ಹತ್ತಿರ ಇರುವುದು ಅದೊಂದೇ ಬೇಸ್ ಆದರೆ ಕೀಳಬೇಡಿ. ಹಳೆಯದೊಂದು ಅಗ್ಗಕ್ಕೆ ಸಿಕ್ಕರೆ ಅದರ ಮೇಲೆ ಪ್ರಯೋಗ ಮಾಡಿ.

ಮೊದಲು 1993ರ ಮೂರು ಆಲ್ಬಂ ಕೇಳಿ. ಡೆತ್ ಬ್ಯಾಂಡಿನ 'ಇಂಡಿವಿಜುವಲ್ ಥಾಟ್ ಪ್ಯಾಟರ್ನ್ಸ್'ನಲ್ಲಿ ಸ್ಟೀವ್ ಡಿಜಾರ್ಜಿಯೊ, ಸಿನಿಕ್‌ನ 'ಫೋಕಸ್'ನಲ್ಲಿ ಶಾನ್ ಮಲೋನ್, ಪೆಸ್ಟಿಲೆನ್ಸ್‌ನ 'ಸ್ಫಿಯರ್ಸ್'ನಲ್ಲಿ ಯೆರೂನ್ ಪಾಲ್ ಥೆಸ್ಸೆಲಿಂಗ್. ಮೂವರದೂ ಫ್ರೆಟ್‌ಲೆಸ್, ಮೂರೂ ಒಂದೇ ವರ್ಷದ್ದು! ಗಮನಿಸಬೇಕಾದ್ದು ಏನೆಂದರೆ, ಇವರು ಯಾವಾಗಲೂ ಗಿಟಾರಿನ ರಿಫ್‌ಗೆ (ಮತ್ತೆ ಮತ್ತೆ ಬರುವ ತುಣುಕಿಗೆ) ನೆರಳಾಗಿ ಓಡುವುದಿಲ್ಲ. ಗಿಟಾರ್ ಒಂದೇ ಕಾರ್ಡ್ ಹಿಡಿದು ನಿಂತಾಗ ಮೇಲಿನ ಸ್ಥಾಯಿಗೆ ಜಾರುತ್ತಾರೆ, ಅಲ್ಲಿ ಹಾಡುತ್ತಾರೆ. ಇಡೀ ಹಾಡು ಗಿಟಾರಿನ ಜೊತೆ ಟ್ರೆಮೊಲೊ ಪಿಕಿಂಗ್ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವುದು) ಮಾಡುವುದೇ ನಿಮ್ಮ ಕೆಲಸವಾದರೆ, ಫ್ರೆಟ್ ಇರುವ ಬೇಸೇ ವಾಸಿ. ಫ್ರೆಟ್‌ಲೆಸ್‌ನಲ್ಲಿ ಸ್ವರದ ಮೊದಲ ಏಟು ಮೆತ್ತಗಿರುತ್ತದೆ, ವೇಗದಲ್ಲಿ ಎಲ್ಲ ಕಲಸಿಹೋಗುತ್ತದೆ.

ಇನ್ನು ಶ್ರುತಿ. ತಲೆನೋವೆಲ್ಲ ಇಲ್ಲೇ. 34 ಇಂಚು ಸ್ಕೇಲಿನ (ನುಡಿಯುವ ತಂತಿಯ ಉದ್ದದ) ಬೇಸ್‌ನಲ್ಲಿ ನಟ್‌ನಿಂದ, ಅಂದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಸೀಳುಪಟ್ಟಿಯಿಂದ, ಮೊದಲ ಸ್ವರಕ್ಕೆ ಸುಮಾರು 48 ಮಿಲಿಮೀಟರ್. 12ನೇ ಫ್ರೆಟ್ ಜಾಗಕ್ಕೆ ಬರುವಷ್ಟರಲ್ಲಿ ಪಕ್ಕಪಕ್ಕದ ಸ್ವರಗಳ ಅಂತರ 25ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಕೆಳಗೆ ಬೆರಳು ಒಂದು ಮಿಲಿಮೀಟರ್ ತಪ್ಪಿದರೆ 2 ಸೆಂಟ್ (ಪಕ್ಕಪಕ್ಕದ ಎರಡು ಸ್ವರಗಳ ನಡುವೆ 100 ಸೆಂಟ್) ಹೋಗುತ್ತದೆ, ಮೇಲೆ ಅಷ್ಟೇ ತಪ್ಪಿದರೆ 4 ಸೆಂಟ್. ಒಂದು ಬೆರಳಿನ ತುದಿ ಎಷ್ಟು ಅಗಲ ಇದೆ ಅಂತ ನೋಡಿಕೊಳ್ಳಿ, ಅರ್ಥವಾಗುತ್ತದೆ. ಡಿಸ್ಟಾರ್ಷನ್ ಹಾಕಿ ದನಿ ಒರಟು ಮಾಡಿದ ಗಿಟಾರ್ ಜೊತೆಗಿದ್ದರೆ ಈ ತಪ್ಪು ಮುಚ್ಚಿಹೋಗುತ್ತದೆ ಅಂದುಕೊಂಡಿದ್ದೆ. ಉಲ್ಟಾ! ಗಿಟಾರಿನ ಮೇಲ್ಸ್ವರಗಳಿಗೂ ನಿಮ್ಮ ಸ್ವರಕ್ಕೂ ತಿಕ್ಕಾಟವಾಗಿ ವಂಯ್ ವಂಯ್ ಅಂತ ಅಲೆ ಏಳುತ್ತದೆ.

ಬೆರಳನ್ನು ಫ್ರೆಟ್ ಇದ್ದ ಜಾಗದ ಗೆರೆಯ ಹಿಂದೆ ಇಡಬೇಡಿ, ಗೆರೆಯ ಮೇಲೇ ಇಡಿ. ಫ್ರೆಟ್ ಬೇಸಿನ ಅಭ್ಯಾಸ ಬಿಡಿಸಿಕೊಳ್ಳಲು ನನಗೆ ತಿಂಗಳುಗಟ್ಟಲೆ ಹಿಡಿಯಿತು. ಅಭ್ಯಾಸಕ್ಕೆ ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಳ್ಳಿ. ನಿಮ್ಮ ಗಿಟಾರಿಸ್ಟ್ ಡಿ ಟ್ಯೂನಿಂಗ್‌ನಲ್ಲಿದ್ದರೆ ಶ್ರುತಿಯೂ ಡಿಗೆ ಇರಲಿ. ಮೊದಲು ಸ್ವರ ಬಾಯಲ್ಲಿ ಹಾಡಿ, ಆಮೇಲೆ ಬೆರಳಿಡಿ, ಕಣ್ಣು ಮುಚ್ಚಿಕೊಂಡು. ಟ್ಯೂನರ್ ನೋಡಿ ಕಲಿಯಬೇಡಿ, ಅದು ತಪ್ಪಾದ ಮೇಲೆ ಹೇಳುತ್ತದೆ. ವಯೊಲಿನ್ ಕಲಿತವರು ಮನೆಯಲ್ಲಿದ್ದರೆ ಅವರ ಪಕ್ಕ ಸುಮ್ನೆ ಒಂದು ಗಂಟೆ ಕೂತ್ಕೊಳ್ಳಿ. ಜಾರು, ಕಂಪಿತ ಹೇಗೆ ಮಾಡುತ್ತಾರೆ ಅಂತ ಎಡಗೈ ನೋಡಿ. ನಮ್ಮ ವೈಬ್ರಾಟೊ ಕೂಡ ಹಾಗೇ, ತಂತಿಯನ್ನು ಅಡ್ಡ ಎಳೆಯುವುದಲ್ಲ, ತಂತಿಯ ಉದ್ದಕ್ಕೆ ಬೆರಳು ತೂಗುವುದು.

ಸೌಂಡಿಗೆ ಬಂದರೆ, ಬ್ರಿಡ್ಜ್ ಪಿಕಪ್ (ತಂತಿ ಕಟ್ಟುವ ಬುಡದ ಹತ್ತಿರ ದನಿ ಹಿಡಿಯುವ ಭಾಗ) ಜಾಸ್ತಿ ಇಡಿ. ಫ್ರೆಟ್‌ಲೆಸ್‌ನ ಆ "ಮ್ವಾ" ದನಿ ಬರುವುದು ತಂತಿ ಕತ್ತಿನ ಮೇಲೆ ಬೆರಳೊತ್ತುವ ಬೋರ್ಡಿಗೆ ತಾಗಿ ತಾಗಿ ನಡುಗುವುದರಿಂದ. ಹಾಗಾಗಿ ನೆಕ್ ಬಹುತೇಕ ನೇರ ಇರಬೇಕು, ತಂತಿ ಆದಷ್ಟು ಕೆಳಗಿರಬೇಕು. ಡಿಸ್ಟಾರ್ಷನ್ ಬೇಕಾದರೆ ಸಿಗ್ನಲ್ ಎರಡು ಮಾಡಿ: ಸುಮಾರು 200 ಹರ್ಟ್ಜ್‌ಗಿಂತ ಕೆಳಗಿನದು ಕ್ಲೀನ್, ಮೇಲಿನದಕ್ಕೆ ಮಾತ್ರ ಸ್ವಲ್ಪ ಕೊಳಕು. ಪೂರ್ತಿ ಡಿಸ್ಟಾರ್ಟ್ ಮಾಡಿದರೆ ಫ್ರೆಟ್‌ಲೆಸ್ಸೋ ಮಿಕ್ಸಿಯೋ ಗೊತ್ತಾಗಲ್ಲ. ಮೆಟಲ್‌ಗೆ ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ, ಮೈ ತರಿತರಿಯಾದ) ತಂತಿಯೇ ಚೆಂದ, ಆದರೆ ಅದು ರೋಸ್‌ವುಡ್ ಬೋರ್ಡನ್ನು ಅರದ ಹಾಗೆ ತಿನ್ನುತ್ತದೆ. ಫ್ರೆಟ್‌ಲೆಸ್ ಬೇಸಿಗೆ ಹೆಸರಾದ ಜಾಕೊ ಪಾಸ್ಟೋರಿಯಸ್ ದೋಣಿಗೆ ಬಳಿಯುವ ಎಪಾಕ್ಸಿಯನ್ನು (ಗಟ್ಟಿಯಾಗುವ ಲೇಪವನ್ನು) ಬೋರ್ಡಿಗೆ ಬಳಿದದ್ದು ಸುಮ್ಮನೆ ಅಲ್ಲ.

ಕೀಳಲೇಬೇಕು ಅಂದರೆ, ಸಾಲ್ಡರಿಂಗ್ ಐರನ್‌ನಿಂದ ಫ್ರೆಟ್ ಬಿಸಿ ಮಾಡಿ, ನಿಧಾನವಾಗಿ ಎತ್ತಿ. ನಾನು ಬಿಸಿ ಮಾಡದೆ ಇಕ್ಕಳ ಹಾಕಿ ಎಳೆದೆ, ಮರದ ಚಕ್ಕೆ ಎದ್ದು ಬಂತು. ಸೀಳುಗಳಿಗೆ ತೆಳು ಮರದ ಪಟ್ಟಿ ಅಂಟಿಸಿ, ಬೋರ್ಡಿನ ಉಬ್ಬಿಗೆ ಹೊಂದುವ ಬ್ಲಾಕ್ ಇಟ್ಟು ಉಜ್ಜಿ. ಪಟ್ಟಿ ಬಿಳಿ ಮರದ್ದಾದರೆ ಅದೇ ಗೆರೆಯಾಗುತ್ತದೆ. ಜಾಸ್ತಿ ಜನ ಮರೆಯುವುದು ನಟ್. ಫ್ರೆಟ್ಟಿನ ಎತ್ತರ ಹೋಯ್ತಲ್ಲ, ನಟ್‌ನ ಸೀಳುಗಳನ್ನೂ ಅಷ್ಟೇ ಇಳಿಸಬೇಕು. ಇಲ್ಲದಿದ್ದರೆ ಮೊದಲ ಮೂರು ಸ್ವರ ಒತ್ತಿದಾಗ ಶ್ರುತಿ ಏರುತ್ತದೆ.

ಗಿಟಾರನ್ನೂ ಫ್ರೆಟ್‌ಲೆಸ್ ಮಾಡಬೇಕು ಅಂತ ನಿಮ್ಮ ಗಿಟಾರಿಸ್ಟ್ ಹಟ ಹಿಡಿದಿದ್ದಾರೆ ಅಂದಿರಿ. ಸೋಲೊಗೆ ಸರಿ, ರಿದಮ್‌ಗೆ ಬೇಡ. ಮೂರು ಬೆರಳೂ ಸ್ವರಸ್ಥಾನದಲ್ಲಿ ಕೂತರೆ ತಾನೇ ಪವರ್ ಕಾರ್ಡ್? ಬೆರಳಿನ ಮಾಂಸ ತಂತಿಯನ್ನು ಬೇಗ ಆರಿಸುತ್ತದೆ, ಸ್ವರ ಉಳಿಯಲು ಹೈ ಗೇನ್ (ಜಾಸ್ತಿ ಡಿಸ್ಟಾರ್ಷನ್) ಸಹಾಯ ಮಾಡುತ್ತದೆ. ಗಿಟಾರಿಸ್ಟ್ ಬಂಬಲ್‌ಫುಟ್ ನುಡಿಸುವ ವಿಜಿಯರ್ ಕಂಪನಿಯ ಫ್ರೆಟ್‌ಲೆಸ್ ಗಿಟಾರಿನ ಬೋರ್ಡೇ ಲೋಹದ್ದು. ಮರದ ಬೋರ್ಡಿನಲ್ಲಿ ಅದೇ ದನಿ ಬರಲಿಲ್ಲ ಅಂತ ಆಮೇಲೆ ಬೇಜಾರು ಮಾಡ್ಕೋಬೇಡಿ ಅಂತ ಹೇಳಿ.

ಅಂದಹಾಗೆ ನಿಮ್ಮ ಬೇಸಿನ ಬೋರ್ಡ್ ಯಾವ ಮರ? ನಟ್ ಹತ್ತಿರದಿಂದ ಒಂದು ಫೋಟೊ ಹಾಕಿ, ಎಷ್ಟು ಇಳಿಸಬೇಕಾಗಬಹುದು ಅಂತ ನೋಡಿ ಹೇಳುತ್ತೇನೆ.