ಭಾನುವಾರವೂ ಡ್ಯೂಟಿ ಇರುವ ತಂಗಿಗೆ

ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಬೆಟಗೇರಿಯಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ನರ್ಸಿಂಗ್ ಕಲಿಯಲು ಬಂದು ಐದು ತಿಂಗಳಾಗಿದೆ, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಡ್ಯೂಟಿ, ಚರ್ಚಿಗೆ ಹೋದರೂ ಹತ್ತಿಪ್ಪತ್ತು ವಯಸ್ಸಾದವರು ಬಿಟ್ಟರೆ ಯಾರೂ ಇಲ್ಲ, ಊರಲ್ಲಿ ದೇವರು ಪಕ್ಕದಲ್ಲೇ ಇದ್ದ ಹಾಗಿತ್ತು, ಇಲ್ಲಿ ಪ್ರಾರ್ಥನೆಗೆ ಕೂತರೆ ಬಾಯಿ ಮಾತ್ರ ಆಡುತ್ತದೆ, ಮನಸ್ಸು ಬರುವುದಿಲ್ಲ. ಅಕ್ಕ, ನಿಮಗೂ ಹೀಗೆ ಆಗಿತ್ತಾ ಅಂತ ಕೇಳಿದ್ದೀಯ.

ಆಗಿತ್ತು. ಐದು ತಿಂಗಳಲ್ಲ, ಎರಡು ವರ್ಷ. ನಾನು ಧಾರವಾಡದವಳು. ಬಂದು 14 ವರ್ಷವಾಯಿತು, ನಾನೂ ಶಿಫ್ಟ್ ಮಾಡಿದವಳೇ.

ಬೇಜಾರು ಮಾಡಿಕೊಳ್ಳಬೇಡ, ಒಂದು ಮಾತು ಹೇಳುತ್ತೇನೆ. ಊರಲ್ಲಿ ನಾನು ದೇವರಿಗೆ ಹತ್ತಿರ ಇದ್ದೆ ಅಂದುಕೊಂಡಿದ್ದರಲ್ಲಿ ಅರ್ಧ ಪಾಲು ನಮ್ಮ ಅವ್ವನದು. ರಾತ್ರಿ ಊಟಕ್ಕೆ ಮುಂಚೆ ಮನೆ ಪ್ರಾರ್ಥನೆ. ಅವ್ವ ಒಬ್ಬೊಬ್ಬರ ಹೆಸರು ಹಿಡಿದು ಕರ್ತನ ಮುಂದೆ ಇಡುತ್ತಿದ್ದಳು, ನಾನು ಕಣ್ಣು ಮುಚ್ಚಿಕೊಂಡು ಅಡುಗೆಮನೆಯ ಸಾರಿನ ವಾಸನೆ ನೋಡುತ್ತಾ ಕೊನೆಗೆ ಆಮೆನ್ ಅನ್ನುತ್ತಿದ್ದೆ. ಭಾನುವಾರ ಕ್ವಾಯರ್, ಉಪವಾಸ ಪ್ರಾರ್ಥನೆ, ಕ್ರಿಸ್ಮಸ್ ಬಂದರೆ ಮನೆ ಮನೆಗೆ ಕ್ಯಾರಲ್. ನಾನಾಗಿ, ಒಬ್ಬಳೇ, ದೇವರ ಜೊತೆ ಹತ್ತು ನಿಮಿಷ ಕೂತದ್ದು ಯಾವಾಗ ಅಂತ ಯೋಚಿಸಿದರೆ ಪಿಯುಸಿ ಪರೀಕ್ಷೆ ಬಿಟ್ಟು ಬೇರೆ ನೆನಪೇ ಆಗಲಿಲ್ಲ. ದೇವರು ದೂರ ಹೋಗಿದ್ದಾನೆ ಅಂತ ನೀನು ಬರೆದಿದ್ದೀಯ. ನಿನ್ನ ಪರವಾಗಿ ಪ್ರಾರ್ಥಿಸುತ್ತಿದ್ದವರು ದೂರ ಇದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಮೊದಲ ವರ್ಷ ನಾನು ಮಾಡಿದ್ದೇನು ಗೊತ್ತಾ? ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಮಲಗುವಾಗ ಕಿವಿಗೆ ಪಾದ್ರಿಗಳ ಪ್ರಸಂಗ ಹಾಕಿಕೊಂಡಿರುತ್ತಿದ್ದೆ. ರಜೆ ಸಿಕ್ಕ ಶನಿವಾರ ಒಂದೂವರೆ ಗಂಟೆ ರೈಲಿನಲ್ಲಿ ಕೂತು ಒಂದು ದೊಡ್ಡ ಸ್ತುತಿ ಕೂಟಕ್ಕೆ ಹೋಗುತ್ತಿದ್ದೆ. ಹಾಡು ಚೆನ್ನಾಗಿತ್ತು, ಅಳು ಬರುತ್ತಿತ್ತು, ವಾಪಸು ರೈಲು ಹತ್ತಿದರೆ ಮತ್ತೆ ಅದೇ ಖಾಲಿ. ಅಲ್ಲಿಯವರದು ತಪ್ಪು ಅನ್ನುವುದಿಲ್ಲ. ನಾನೇ ಬೇರೆಯವರ ಒಲೆಯಲ್ಲಿ ಅಡುಗೆ ಆಗಲಿ ಅಂತ ಕಾಯುತ್ತಿದ್ದೆ.

ಅದು ಬದಲಾಗಿದ್ದು ವಾರ್ಡಿನಲ್ಲಿ. ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದ ಅಜ್ಜಿಯೊಬ್ಬರು, ಅಪ್ಪಟ ಶ್ವಾಬಿಷ್ ಮಾತು, ಅಂದರೆ ಈ ಸೀಮೆಯ ಆಡುಜರ್ಮನ್, ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅವರ ದಿಂಬಿನ ಹತ್ತಿರ ಅಂಗೈಯಗಲದ ನೀಲಿ ಪುಸ್ತಕ. ಕನ್ನಡಕ ಎಲ್ಲೋ ಇಟ್ಟು ಮರೆತಿದ್ದರು, ಇವತ್ತಿನದು ಓದು ಅಂದರು. ಎರಡೇ ಬೈಬಲ್ ವಚನ. ಓದಿದೆ. ಅವರು ಕಣ್ಣು ಮುಚ್ಚಿ ಸುಮ್ನೆ ಇದ್ದರು, ಎರಡು ನಿಮಿಷ ಇರಬಹುದು, ಆಮೇಲೆ ಸರಿ, ಈಗ ಬಿಪಿ ನೋಡು ಅಂದರು. ಅಷ್ಟೇ! ಅವರು ಡಿಸ್ಚಾರ್ಜ್ ಆಗುವವರೆಗೆ ದಿನವೂ ಓದಿದೆ.

ಆ ಪುಸ್ತಕದ ಹೆಸರು ಲೋಸುಂಗನ್. ಹೆರ್ನ್‌ಹುಟ್ ಅನ್ನುವ ಊರಿನ ಸಹೋದರರ ಸಭೆಯವರು 1731ರಿಂದ ಅಚ್ಚು ಹಾಕುತ್ತಿದ್ದಾರೆ. ದಿನಕ್ಕೊಂದು ಹಳೆ ಒಡಂಬಡಿಕೆಯ ವಚನ, ಅದನ್ನು ಚೀಟಿ ಎತ್ತಿ ಆರಿಸುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನ ಜೋಡಿಸುತ್ತಾರೆ. ಯಾವ ಪುಸ್ತಕದಂಗಡಿಯಲ್ಲಾದರೂ ಸಿಗುತ್ತದೆ. ಜರ್ಮನ್‌ನಲ್ಲಿ ಓದು, ಆಮೇಲೆ ಅದೇ ವಚನ ಕನ್ನಡ ಸತ್ಯವೇದದಲ್ಲಿ ತೆಗೆದು ನೋಡು. ಬೆಳಗಿನ ಪಾಳಿಗೆ ಆರಕ್ಕೆ ವಾರ್ಡಿನಲ್ಲಿರಬೇಕಾದವಳಿಗೆ ಒಂದು ಗಂಟೆ ಪ್ರಾರ್ಥಿಸು ಅಂತ ಹೇಳುವವರು ಶಿಫ್ಟ್ ಮಾಡಿದವರಲ್ಲ. ಐದು ನಿಮಿಷ ಸಾಕು, ಆದರೆ ಫೋನ್ ಬೇರೆ ಕೋಣೆಯಲ್ಲಿರಲಿ. ಪ್ರಾರ್ಥನೆ ಮಾತ್ರ ಕನ್ನಡದಲ್ಲೇ ಮಾಡು, ನಮ್ಮ ಧಾರವಾಡದ ಕಡೆಯ ಮಾತಿನಲ್ಲೇ ಮಾಡು.

ಏನೂ ಅನ್ನಿಸದ ದಿನ ಬರುತ್ತದೆ, ಅದರಲ್ಲೂ ನವೆಂಬರ್‌ನಲ್ಲಿ, ಸಂಜೆ ಐದಕ್ಕೆ ಮುಂಚೆ ಕತ್ತಲಾಗುತ್ತದೆ. ಆವತ್ತು ಭಕ್ತಿಯ ಮಾತು ಹುಡುಕಬೇಡ. ಸತ್ಯವೇದದ 13ನೇ ಕೀರ್ತನೆ ಓದು, ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತಲೇ ಶುರು. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿದುಹೋಗುತ್ತದೆ, ಸಮಾಧಾನದ ಸಾಲು ಇಲ್ಲ. ದೇವರ ಜೊತೆ ಜಗಳ ಆಡಬಾರದು ಅಂತ ಸಂಡೇ ಸ್ಕೂಲಿನಲ್ಲಿ ನನ್ನ ತಲೆಗೆ ಹೇಗೋ ಹೊಕ್ಕಿತ್ತು. ಆಡಬಹುದು.

ಚರ್ಚಿನ ವಿಷಯ. ಇಲ್ಲಿ, ನಾವಿರುವ ಸೀಮೆ ವ್ಯುರ್ಟೆಂಬರ್ಗ್‌ನಲ್ಲಿ ಪ್ರೊಟೆಸ್ಟಂಟರ ಆರಾಧನೆ ಬಹಳ ಸರಳ, ಪ್ರಸಂಗವೇ ಮುಖ್ಯ. ಜನ ದೂರ ದೂರ ಕೂರುತ್ತಾರೆ, ಅದು ಸಿಟ್ಟಲ್ಲ. ಗೋಡೆಯ ಹಲಗೆಯಲ್ಲಿ ಹಾಡಿನ ನಂಬರ್ ಇರುತ್ತದೆ. ರಾಗ ಗಮನಿಸು, ಒಂದೆರಡು ನಿನಗೆ ಗೊತ್ತಿರುತ್ತವೆ. ನಮ್ಮ ಊರಿನ ಸಭೆಗಳು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವು ಅಲ್ವಾ, ಆ ಮಿಷನರಿಗಳಲ್ಲಿ ಎಷ್ಟೋ ಜನ ಇದೇ ಸೀಮೆಯ ಭಕ್ತರ ಮನೆಗಳಿಂದ ಬಂದವರು. ಮಂಗಳೂರಿನಲ್ಲಿ ಪತ್ರಿಕೆ ತೆಗೆದ ಮೋಗ್ಲಿಂಗ್ ತೀರಿಕೊಂಡದ್ದು ನಿನ್ನ ಪಕ್ಕದ ಎಸ್ಲಿಂಗನ್‌ನಲ್ಲಿ, 1881ರಲ್ಲಿ. ನಿಘಂಟಿನ ಕಿಟ್ಟೆಲ್ 1903ರಲ್ಲಿ ಟ್ಯೂಬಿಂಗನ್‌ನಲ್ಲಿ. ಅವರು ನಮ್ಮ ಊರಿಗೆ ಬಂದು ಕನ್ನಡದಲ್ಲಿ ಪ್ರಾರ್ಥಿಸಲು ತಡವರಿಸಿದ್ದನ್ನು ನೆನೆಸಿಕೊಂಡರೆ ನನ್ನ ಜರ್ಮನ್ ಬಗ್ಗೆ ನಾಚಿಕೆ ಕಡಿಮೆಯಾಗುತ್ತದೆ.

ಆದರೆ ಭಾನುವಾರದ ಆರಾಧನೆ ಒಂದರಿಂದಲೇ ಆಗುವುದಿಲ್ಲ, ಹೌಸ್‌ಕ್ರೈಸ್ ಕೇಳು. ವಾರದ ನಡುವೆ ಯಾರದೋ ಮನೆಯಲ್ಲಿ ಎಂಟು ಹತ್ತು ಜನ ಕೂತು ಸತ್ಯವೇದ ಓದಿ ಒಬ್ಬರಿಗೊಬ್ಬರು ಪ್ರಾರ್ಥಿಸುವುದು. ನಮ್ಮ ಮನೆ ಪ್ರಾರ್ಥನೆಯೇ, ಸಾರಿನ ವಾಸನೆ ಇಲ್ಲ ಅಷ್ಟೇ, ಇಲ್ಲಿ ಬ್ರೆಟ್ಸೆಲ್ ಅನ್ನುವ ಗಂಟು ಹಾಕಿದ ಬ್ರೆಡ್ ಇರುತ್ತದೆ. ನನ್ನ ಸರದಿ ಬಂದಾಗ ಕನ್ನಡದಲ್ಲೇ ಪ್ರಾರ್ಥಿಸಿದೆ. ಯಾರಿಗೂ ಒಂದು ಅಕ್ಷರ ತಿಳಿಯಲಿಲ್ಲ, ನಾನು ಬೇಕಾದ್ದೆಲ್ಲ ಹೇಳಿಕೊಂಡೆ.

ಡ್ಯೂಟಿ ತೀರಾ ಜಾಸ್ತಿ ಇದ್ದರೆ ನಿನ್ನ ಆಸ್ಪತ್ರೆಯಲ್ಲೇ ಸೇಲ್‌ಸೋರ್ಗರ್ ಇದ್ದಾರಾ ಕೇಳು. ರೋಗಿಗಳಿಗೆ ಇರುವ ಪಾದ್ರಿಗಳು, ಸಿಬ್ಬಂದಿಯ ಮಾತೂ ಕೇಳುತ್ತಾರೆ, ಹೇಳಿದ್ದು ಹೊರಗೆ ಹೋಗುವುದಿಲ್ಲ.

ಸಂಬಳದ ಚೀಟಿಯಲ್ಲಿ ಚರ್ಚ್ ತೆರಿಗೆ ಅಂತ ಇದೆ, ಭಯವಾಯಿತು ಅಂದಿದ್ದೀಯ. ವಿಳಾಸ ನೋಂದಾಯಿಸುವಾಗ ನೀನು ಎವಾಂಗೇಲಿಷ್, ಅಂದರೆ ಪ್ರೊಟೆಸ್ಟಂಟ್, ಅಂತ ಬರೆದಿದ್ದೀಯೇನೋ, ಅದಕ್ಕೇ ಬಂದಿದೆ. ಈ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ 8, ಸಂಬಳದ ಶೇ 8 ಅಲ್ಲ. ಕಲಿಯುವವರ ಸಂಬಳದಲ್ಲಿ ತೆರಿಗೆಯೇ ಚೂರು, ನಿದ್ದೆ ಕೆಡಿಸಿಕೊಳ್ಳಬೇಡ.

ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬಂದ ಕೂಡಲೇ ತಿಳಿಸು. ಭಾನುವಾರ ಮಧ್ಯಾಹ್ನದ ಪಾಳಿ ಇದ್ದರೆ ಬೆಳಗಿನ ಆರಾಧನೆಗೆ ಒಟ್ಟಿಗೆ ಹೋಗೋಣ. ಇಡೀ ದಿನ ರಜೆ ಇದ್ದರೆ ಊಟಕ್ಕೂ ಬಾ, ಜೋಳದ ಹಿಟ್ಟು ಸಿಕ್ಕಿದೆ, ರೊಟ್ಟಿ ಬಡಿಯಲು ಒಂದು ಕೈ ಬೇಕು.