ಸಂಪಾದಕರ ಉತ್ತರ: ಅಮ್ಮ ಕರೆದ ಕೃಷ್ಣ, ಊರು ಕರೆದ ಕೃಷ್ಣ

ಮೇಷ್ಟ್ರಿಗೆ ನಮಸ್ಕಾರ.

ಮಂಡ್ಯದಿಂದ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿತು. ಇಂಕ್ ಪೆನ್ನಿನಲ್ಲಿ ಬರೆದು, ಅಂಟು ಹಚ್ಚಿ, ಸ್ಟ್ಯಾಂಪ್ ಹಾಕಿ ಕಳಿಸುವ ಓದುಗರು ನಮಗೆ ಈಗ ಉಳಿದಿರುವುದು ಮೂರೋ ನಾಲ್ಕೋ ಜನ. ಅದರಲ್ಲೂ ಬೈಯ್ಯಲು ಅಷ್ಟು ಕಷ್ಟ ಪಡುವವರು ನೀವೊಬ್ಬರೇ.

ಕಾಗದ ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. 'ಕಲೋನಿಯಲ್ ಕಸಿನ್ಸ್' ಜೋಡಿಯ ಮೊದಲ ಆಲ್ಬಂ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಒಂದು ಪುಟ ಬರೆದಿದ್ದೆ. ಅದಕ್ಕೆ ಮೇಷ್ಟ್ರ ತಕರಾರು ಮೂರು. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ದೇವರನಾಮವನ್ನು ಆ ಆಲ್ಬಂನಲ್ಲಿ ಇಂಗ್ಲಿಷ್ ಸಾಲು ಸೇರಿಸಿ, ಗಿಟಾರಿಗೆ ಕಟ್ಟಿ ಹಾಳು ಮಾಡಿದರು ಎನ್ನುವುದು ಒಂದು. ಪ್ರಶಸ್ತಿ ಬಂತು, ಜನ ಮೆಚ್ಚಿದರು ಎಂದು ಬರೆದರೆ ಅದು ವಿಮರ್ಶೆ ಆಗುತ್ತದಾ ಎನ್ನುವುದು ಇನ್ನೊಂದು. ಮೂರನೆಯದು ನಾನು ಮಾಡಿದ ತಪ್ಪು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಸ್ವಲ್ಪ ಧೈರ್ಯ ಬರಲಿ.

ಎರಡನೆಯದರಿಂದ ಶುರು ಮಾಡುತ್ತೇನೆ. ನೀವು ಹೇಳಿದ್ದು ಸರಿ. ಆ ಪುಟದಲ್ಲಿ ನಾನು ಪಟ್ಟಿ ಕೊಟ್ಟಿದ್ದೆ ಅಷ್ಟೇ. 1996ರಲ್ಲಿ ಆಲ್ಬಂ ಬಂತು, ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಹಾಡಿದರು, ಎಂಟಿವಿಯ 'ಅನ್‌ಪ್ಲಗ್ಡ್' ಕಾರ್ಯಕ್ರಮಕ್ಕೆ ಹೋದ ಮೊದಲ ಭಾರತೀಯರು ಇವರೇ, ವೀಕ್ಷಕರ ಪ್ರಶಸ್ತಿ, ಬಿಲ್‌ಬೋರ್ಡ್ ಪ್ರಶಸ್ತಿ ಹೀಗೆ. ಮದುವೆ ಮನೆಯಲ್ಲಿ ಮುಯ್ಯಿ ಲೆಕ್ಕ ಓದಿದ ಹಾಗೆ ಆಗಿತ್ತು. ಊಟ ಹೇಗಿತ್ತು ಅಂತ ಹೇಳಲೇ ಇಲ್ಲ.

ಹೇಳದೆ ಇರುವುದಕ್ಕೆ ಒಂದು ಕಾರಣ ಇತ್ತು. ಈ ಆಲ್ಬಂ ಬಗ್ಗೆ ನಾನು ಮೊದಲು ಬರೆದದ್ದು 1997ರಲ್ಲಿ, ಇಲ್ಲೇ ಮೈಸೂರಿನ ಒಂದು ಚಿಕ್ಕ ಪತ್ರಿಕೆಗೆ. ಆಗ ಹೊಸ ಕ್ಯಾಸೆಟ್‌ಗಳ ಪರಿಚಯ ಬರೆಯುವ ಕೆಲಸ ನನ್ನದು. ಸಂಜೆ ಆರಕ್ಕೆ ಬರಹ ಕೊಡಬೇಕು, ಮೂರು ಗಂಟೆಗೆ ಕರೆಂಟ್ ಹೋಯಿತು. ಎ ಸೈಡ್ ಮಾತ್ರ ಕೇಳಿದ್ದೆ. ಅಷ್ಟಕ್ಕೇ 'ಮೊಸರವಲಕ್ಕಿಗೆ ಟೊಮೆಟೊ ಸಾಸ್ ಸುರಿದಂತಿದೆ' ಅಂತ ಬರೆದು ಕೊಟ್ಟೆ. ಆಫೀಸಿನಲ್ಲಿ ಎಲ್ಲರೂ ನಕ್ಕರು, ನನಗೂ ಖುಷಿಯಾಯಿತು. ಬಿ ಸೈಡ್ ಕೇಳಿದ್ದು ಎಷ್ಟೋ ದಿನದ ಮೇಲೆ. ಆದ್ದರಿಂದ ಈ ಸಲ ಅಭಿಪ್ರಾಯವೇ ಬೇಡ, ಸುಮ್ನೆ ಪಟ್ಟಿ ಕೊಟ್ಟು ಕೈ ತೊಳೆದುಕೊಳ್ಳೋಣ ಅಂದುಕೊಂಡೆ. ನೀವು ಬಿಡಲಿಲ್ಲ.

1997ರಲ್ಲಿ ಆ ಬರಹ ಕೊಟ್ಟ ವಾರವೇ ದೇವರಾಜ ಅರಸು ರಸ್ತೆಯ ಕ್ಯಾಸೆಟ್ ಅಂಗಡಿಯೊಂದರ ಮುಂದೆ ನಿಂತಿದ್ದೆ. ಅಂಗಡಿಯವರು ಇದೇ 'ಕೃಷ್ಣಾ ನೀ ಬೇಗನೆ' ಹಾಡನ್ನು ದೊಡ್ಡದಾಗಿ ಹಾಕಿದ್ದರು. ಮೆಟ್ಟಿಲ ಹತ್ತಿರ ಮಲ್ಲಿಗೆ ಮಾರುವ ಒಬ್ಬ ಅಜ್ಜಿ. ಪಲ್ಲವಿ ಬಂದಾಗ ಮೊಳ ಹಾಕುವ ಕೈ ನಿಲ್ಲುತ್ತಿತ್ತು. ಜೊತೆಗೆ ಹಾಡಿಕೊಳ್ಳುತ್ತಿದ್ದರು. ಇಂಗ್ಲಿಷ್ ಸಾಲು ಬಂದ ತಕ್ಷಣ ಮತ್ತೆ ಮೊಳ. ಅಂಗಡಿಯ ಒಳಗೆ ಕಾಲೇಜು ಹುಡುಗರು ನಾಲ್ಕು ಜನ. ಅವರದು ಪೂರಾ ಉಲ್ಟಾ. ಇಂಗ್ಲಿಷ್ ಸಾಲುಗಳು ಬಾಯಿಪಾಠ, ಪಲ್ಲವಿ ಬಂದಾಗ ಮಾತಿಲ್ಲದೆ ಬರೀ 'ಹೂಂ ಹೂಂ'. ಅಜ್ಜಿ ಅರ್ಧ ಕೇಳಿದರು, ಹುಡುಗರು ಅರ್ಧ ಕೇಳಿದರು, ವಿಮರ್ಶೆ ಬರೆದ ನಾನೂ ಅರ್ಧವೇ ಕೇಳಿದೆ. ಈ ಆಲ್ಬಂ ಬಗ್ಗೆ ನನಗೆ ಇವತ್ತಿಗೂ ಅನ್ನಿಸುವುದು ಇದೇ, ಮೇಷ್ಟ್ರೇ. ಹೊಗಳಿದವರೂ ಬೈದವರೂ ಅವರವರಿಗೆ ಬೇಕಾದ ಅರ್ಧವನ್ನೇ ಹಿಡಿದುಕೊಂಡಿದ್ದರು.

ಈಗ ನಿಮ್ಮ ದೊಡ್ಡ ಸಿಟ್ಟಿಗೆ ಬರೋಣ. 'ಮೂಲ ಧಾಟಿ ಕೆಡಿಸಿದರು' ಅಂತ ಬರೆದಿದ್ದೀರಿ. ಯಾವ ಮೂಲ? ದಾಸರ ಪದಗಳ ಸಾಹಿತ್ಯ ಉಳಿಯಿತು, ಹೆಚ್ಚಿನ ಪದಗಳ ಹಳೆಯ ಧಾಟಿ ಉಳಿಯಲಿಲ್ಲ. ಇವತ್ತು ಕಛೇರಿಯಲ್ಲಿ ಕೇಳುವ ರಾಗತಾಳ ಆಮೇಲಿನ ವಿದ್ವಾಂಸರು ಕೂರಿಸಿದ್ದು. ಇದು ನನಗಿಂತ ನಿಮಗೇ ಜಾಸ್ತಿ ಗೊತ್ತು. ಈ ಪದವನ್ನು ನಾವೆಲ್ಲ ಕೇಳಿ ಬಲ್ಲ ಯಮುನಾ ಕಲ್ಯಾಣಿಯೂ ಹಿಂದೂಸ್ತಾನಿ ಯಮನ್ ಕಡೆಯ ನಂಟು ಇರುವ ರಾಗ. ಪ್ರತಿ ಮಧ್ಯಮದ (ಮೇಲಿನ 'ಮ' ಸ್ವರದ) ಮನೆಯಲ್ಲಿ ಶುದ್ಧ ಮಧ್ಯಮ (ಕೆಳಗಿನ 'ಮ') ಬಂದು ಒಮ್ಮೆ ಇಣುಕಿ ಹೋಗುತ್ತದಲ್ಲ, ಆ ಇಣುಕುವುದೇ ಚೆಂದ. ಇನ್ನು ಈ ಪದವನ್ನು ದೇಶ ವಿದೇಶಕ್ಕೆ ಒಯ್ದವರು ತಮಿಳುನಾಡಿನ ಭರತನಾಟ್ಯ ಕಲಾವಿದೆ ಬಾಲಸರಸ್ವತಿ. ಸತ್ಯಜಿತ್ ರಾಯ್ 1976ರಲ್ಲಿ ಬಾಲಸರಸ್ವತಿಯ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಆಕೆ ಕಡಲ ದಂಡೆಯಲ್ಲಿ ನಿಂತು ಅಭಿನಯಿಸುವುದು ಇದೇ ಪದವನ್ನು. ಮನೆ ಬಿಟ್ಟು ಊರೂರು ತಿರುಗಿದ ಪದ ಇದು. ಬೊಂಬಾಯಿಗೂ ಹೋಗಿ ಬಂತು.

ಹಾಗಂತ ನಿಮ್ಮ ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೆಟ್ಟಿದ್ದರೆ ಕೆಟ್ಟದ್ದು ಎಲ್ಲಿ ಅಂತ ನೋಡಬೇಕು. ನನ್ನ ಪ್ರಕಾರ ರಾಗದಲ್ಲಿ ಏನೂ ಆಗಿಲ್ಲ. ಹರಿಹರನ್ ಕರ್ನಾಟಕ ಸಂಗೀತಗಾರರ ಮನೆಯ ಮಗ. ಅಮ್ಮ ಅಲಮೇಲು ಮಣಿ, ಅಪ್ಪ ಎಚ್.ಎ.ಎಸ್. ಮಣಿ, ಇಬ್ಬರೂ ಹಾಡುಗಾರರು. ಗಜಲ್ ಹಾಡಿ ಹದವಾದ ಗಂಟಲು. ಆತ ಪಲ್ಲವಿ ಎತ್ತಿದಾಗ ಸುತ್ತ ಗಿಟಾರ್ ಇದೆ ಅನ್ನುವುದೇ ಮರೆತುಹೋಗುತ್ತದೆ. ಬದಲಾದದ್ದು ಕರೆಯುವವರು ಯಾರು ಅನ್ನುವುದು.

ನಮ್ಮ ಪದದಲ್ಲಿ ಕರೆಯುವವಳು ತಾಯಿ. ಬೇಗ ಬಾರೋ, ಮುಖ ತೋರೋ. ಕಾಲಲ್ಲಿ ಗೆಜ್ಜೆ, ಕೈಯಲ್ಲಿ ಕೊಳಲು, ಮೈಗೆ ಗಂಧ. ಮಗು ಬೀದಿಯಲ್ಲಿ ಆಡುತ್ತಿದೆ, ಕತ್ತಲಾಗುತ್ತಿದೆ, ಒಳಗೆ ಬರಬೇಕು. ಅಷ್ಟೇ ವಿಷಯ. ಕೊನೆಯ ಚರಣದಲ್ಲಿ ಮಾತ್ರ ಆ ಮಗು ಬಾಯಿ ತೆರೆದು ಮೂರು ಲೋಕ ತೋರಿಸಿಬಿಡುತ್ತದೆ. ಆಲ್ಬಂನ ಇಂಗ್ಲಿಷ್ ಸಾಲುಗಳಲ್ಲಿ ಕರೆಯುವುದು ಊರಿಗೆ ಊರು. ಲೋಕ ಕೆಟ್ಟಿದೆ, ಯೇಸುವಾಗಿ ಬಾ, ರಾಮನಾಗಿ ಬಾ, ಅಲ್ಲಾ ಆಗಿ ಬಾ, ಯಾರಾಗಿಯಾದರೂ ಬಾ ಅಂತ. ಇಬ್ಬರೂ ಬೊಂಬಾಯಿಯವರು. ಆ ಊರು 1992-93ರ ಗಲಭೆ ನೋಡಿ ಮೂರು ವರ್ಷ ಆಗಿತ್ತು ಅಷ್ಟೇ. ಒಬ್ಬ ಅಯ್ಯರ್, ಒಬ್ಬ ಕ್ರಿಶ್ಚಿಯನ್, ಸೇರಿ ಹಾಡುತ್ತಿದ್ದಾರೆ. ಕೇಳಿದವರ ಗಂಟಲು ಕಟ್ಟಿದ್ದರೆ ಆಶ್ಚರ್ಯವಿಲ್ಲ.

ಆದರೆ ನನಗೆ ಕೊರತೆ ಕಾಣುವುದೂ ಅಲ್ಲೇ. ತಾಯಿ ಕರೆದಾಗ ಮಗು ಬಂದೇ ಬರುತ್ತದೆ ಅನ್ನುವ ಧೈರ್ಯ ಇರುತ್ತದೆ. ಗದರುವ ದನಿಯಲ್ಲೂ ಮುದ್ದು. ಊರು ಕರೆದಾಗ ಬರೀ ಅಳು. ಪಲ್ಲವಿಯಲ್ಲಿ ಮುದ್ದು, ಮುಂದಿನ ಸಾಲಿನಲ್ಲಿ ಅಳು, ಮತ್ತೆ ಪಲ್ಲವಿಯಲ್ಲಿ ಮುದ್ದು. ಎರಡೂ ಒಂದಕ್ಕೊಂದು ಒಗ್ಗುವಷ್ಟು ಹೊತ್ತು ಬೇಯಲಿಲ್ಲ. ಇದನ್ನು 1997ರಲ್ಲೇ ಬರೆದಿದ್ದರೆ ವಿಮರ್ಶೆ ಅನ್ನಿಸಿಕೊಳ್ಳುತ್ತಿತ್ತು. ನಾನು ಸಾಸ್ ಅಂತ ಬರೆದೆ.

ಉಳಿದ ಹಾಡುಗಳ ಬಗ್ಗೆ ಹೆಚ್ಚೇನಿಲ್ಲ. 'ಸ ನಿ ಧ ಪ' ಚುರುಕಾಗಿದೆ. ಸ್ವರ ಗೊತ್ತಿಲ್ಲದ ಹುಡುಗರೂ ಸ್ವರ ಹಾಡಿಕೊಂಡು ಓಡಾಡಿದರು, ಅದೇನು ಕಡಿಮೆ ಲಾಭವಾ! 'ಇಂಡಿಯನ್ ರೇನ್' ಮಳೆ ಬಂದಾಗ ಕೇಳಬಹುದು. ಇಬ್ಬರೂ ಜಾಹೀರಾತಿನ ಹಾಡು ಮಾಡಿ ಪಳಗಿದವರು. ಮೂವತ್ತು ಸೆಕೆಂಡಿನಲ್ಲಿ ಕಿವಿ ಹಿಡಿಯುವ ಕಸುಬು. ಹಾಗಾಗಿ ಪ್ರತಿ ಹಾಡೂ ಚೆನ್ನಾಗಿ ಶುರುವಾಗುತ್ತದೆ, ಆಮೇಲೆ ಅದನ್ನೇ ಸುತ್ತುತ್ತದೆ. ಐನೂರು ವರ್ಷ ಹಳೆಯ ಪಲ್ಲವಿಯೊಂದು ಅವರಿಗೆ ಸಿಕ್ಕಿದ್ದು ಅದೃಷ್ಟ. ಸುತ್ತಿದಷ್ಟೂ ಸವೆಯದ ಪಲ್ಲವಿ ಅದು. 1998ರ ಎರಡನೇ ಆಲ್ಬಂ 'ದಿ ವೇ ವಿ ಡೂ ಇಟ್' ಹೆಸರು ಎಷ್ಟು ಜನಕ್ಕೆ ನೆನಪಿದೆ ಹೇಳಿ.

'ಸಂಗೀತದ ಊರು ಮೈಸೂರಿನಲ್ಲಿ ಕೂತು ಇದನ್ನೆಲ್ಲ ಮೆಚ್ಚುತ್ತೀರಲ್ಲ' ಅಂತಲೂ ಕುಟುಕಿದ್ದೀರಿ. ತಿರುಮಕೂಡಲಿನ ಚೌಡಯ್ಯನವರು ಇದೇ ಊರಿನಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕಟ್ಟಿದವರು. ಹಿಂದಿನ ಸಾಲಿನವರಿಗೂ ಕೇಳಲಿ ಅಂತ. ಆ ಪಿಟೀಲೇ ಇಂಗ್ಲಿಷರ ಕಡೆಯಿಂದ ಬಂದ ವಾದ್ಯ. ಈ ಜೋಡಿಯನ್ನು ಚೌಡಯ್ಯನವರ ಪಕ್ಕ ಕೂರಿಸುತ್ತಿಲ್ಲ, ಸಿಟ್ಟಾಗಬೇಡಿ. ಹಿಂದಿನ ಸಾಲು ಅಂತ ಒಂದು ಇರುತ್ತದೆ ಅಂತ ನೆನಪಿಸಿದೆ ಅಷ್ಟೇ.

ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೀರಿ. ಪಾಠಕ್ಕೆ ಬರುವ ಮಕ್ಕಳು ಇವತ್ತಿಗೂ 'ಆ ಕೃಷ್ಣ ನೀ ಬೇಗನೆ ಹೇಳಿಕೊಡಿ ಸಾರ್' ಅನ್ನುತ್ತಾರೆ, ಏನು ಮಾಡಲಿ ಅಂತ. ಹೇಳಿಕೊಡಿ ಮೇಷ್ಟ್ರೇ. ಪಲ್ಲವಿ ಅವರಿಗೆ ಆಗಲೇ ಬರುತ್ತದೆ, ಅರ್ಧ ಕೆಲಸ ಮುಗಿದಿದೆ. ಚರಣಗಳಿಂದ ಶುರು ಮಾಡಿ. ಆ ಬಾಯಿ ತೆರೆಯುವ ಚರಣಕ್ಕೆ ಬಂದಾಗ ಮಕ್ಕಳ ಮುಖ ಹೇಗಿತ್ತು ಅಂತ ಒಂದು ಕಾರ್ಡ್ ಬರೆದು ತಿಳಿಸಿ.

ಇನ್ನು ನನ್ನ ತಪ್ಪು. ಕಳೆದ ಸಂಚಿಕೆಯಲ್ಲಿ ಈ ಪದ ಪುರಂದರದಾಸರದು ಅಂತ ಬರೆದಿದ್ದೆ. ಪುರಂದರ ವಿಠಲನ ಅಂಕಿತ ಎಲ್ಲಿದೆ ತೋರಿಸಿ ಅಂತ ನೀವು ಕೆಂಪು ಇಂಕಿನಲ್ಲಿ ಕೇಳಿದ್ದೀರಿ. ಇಲ್ಲ. ಪದ ಮುಗಿಯುವುದು ಉಡುಪಿಯ ಶ್ರೀಕೃಷ್ಣನಲ್ಲಿ. ಬರೆದವರು ಪುರಂದರರ ಗುರುಗಳಾದ ವ್ಯಾಸರಾಯರು. ಹುಟ್ಟೂರು ಬನ್ನೂರು. ನಿಮ್ಮ ಊರಿಗೂ ನಮ್ಮ ಊರಿಗೂ ಒಂದು ಗಂಟೆ ದಾರಿಯೊಳಗೆ. ಬನ್ನೂರು ಅಂದರೆ ಕುರಿಯೊಂದೇ ನೆನಪಾಗುವ ನನ್ನಂಥವರಿಗೆ ಇಷ್ಟು ಬೈಗುಳ ಬೇಕಿತ್ತು. ತಿದ್ದುಪಡಿಯನ್ನು ಇದೇ ಸಂಚಿಕೆಯ ಮೂರನೇ ಪುಟದಲ್ಲಿ ಚೌಕಟ್ಟು ಕಟ್ಟಿ ಹಾಕಿದ್ದೇವೆ.

— ಸಂಪಾದಕ