ಅವ್ವನ ಕಣ್ಣೀರು, ಅಣ್ಣನ ಕಾಗದ

ಹೆಸರು, ಗುರುತು ಬದಲಿಸಿದ್ದೇನೆ. ಸುಮಾ ಎಂದುಕೊಳ್ಳೋಣ. ನಲವತ್ತರ ಹತ್ತಿರದ ವಯಸ್ಸು. ನಿದ್ದೆ ಬರ್ತಿಲ್ಲ, ಎದೆ ಭಾರ ಎಂದು ನನ್ನ ಬಳಿ ಸಲಹೆಗೆ ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಹಕ್ಕು ಬಿಡುಗಡೆ ಪತ್ರ ಮಾಡಿಸಿಟ್ಟಿದ್ದ. ಪಿತ್ರಾರ್ಜಿತ ಜಮೀನಿನಲ್ಲಿ ತನಗೆ ಪಾಲು ಬೇಡ ಎಂದು ಸುಮಾ ಸಹಿ ಹಾಕಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದಷ್ಟೇ ಬಾಕಿ.

ಸ್ವಲ್ಪ ಟೈಮ್ ಕೊಡಿ ಎಂದಿದ್ದರು, ಅಷ್ಟೇ. ಅಂದು ರಾತ್ರಿಯೇ ಅವ್ವ ಫೋನ್ ಮಾಡಿ ಅತ್ತರು. "ಗೌರಿ ಹಬ್ಬಕ್ಕೆ ನಿಂಗೆ ಬಾಗಿನ ಕೊಡೋರು ಯಾರವ್ವ? ಒಡಹುಟ್ಟಿದೋನನ್ನ ಕೋರ್ಟಿಗೆ ಎಳೀತೀಯಾ?"

ಈ ಮಾತಿನ ಬಲ ನೋಡಿ. ಎಷ್ಟು ಎಕರೆ, ಬೆಲೆ ಎಷ್ಟು, ಒಂದೂ ಅದರಲ್ಲಿಲ್ಲ. ಸಹಿ ಹಾಕಬೇಕಾ ಅನ್ನೋ ಪ್ರಶ್ನೆ ಹೋಗಿ, ನೀನು ಒಳ್ಳೆ ಮಗಳಾ ಅನ್ನೋ ಪ್ರಶ್ನೆ ಬಂದು ಕೂತಿದೆ. ಅದಕ್ಕೆ ಯಾವ ಮಗಳು ತಾನೇ ಅಲ್ಲ ಅಂತಾಳೆ?

ಅವ್ವನದು ನಾಟಕ ಎಂದು ನಾನು ಹೇಳಲಿಲ್ಲ. ಮಗನ ಮನೆಯಲ್ಲೇ ಬಾಳಬೇಕಾದವರು. ಅವನು ಮುನಿಸಿಕೊಂಡರೆ ತನ್ನ ಗತಿ ಏನು ಅನ್ನೋ ಭಯ ನಿಜವಾದದ್ದೇ. ಆ ಭಯಕ್ಕೆ ಮಗಳು ಉತ್ತರ ಕೊಡಬೇಕು. ಆದರೆ ಸಹಿ ಹಾಕಿದರೆ ಆ ಭಯ ಹೋಗುತ್ತಾ?

ಸುಮಾಗೆ ಒಂದು ಪ್ರಶ್ನೆ ಕೇಳಿದೆ. ಅವ್ವ ಅಳದೆ, ಅಣ್ಣನೇ ಕಾಗದ ಮುಂದಿಟ್ಟು ಕೇಳಿದ್ದರೆ ಏನನ್ನುತ್ತಿದ್ದಿರಿ? ತುಂಬಾ ಹೊತ್ತು ಸುಮ್ಮನಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಅರ್ಧ ಬಿಟ್ಟುಕೊಡ್ತಿದ್ದೆ ಮೇಡಂ. ಪೂರ್ತಿ ಬಿಡ್ತಿರಲಿಲ್ಲ. ಮಗಳ ಓದು ಇದೆಯಲ್ಲ" ಅಂದರು. ಅವರ ನಿಜವಾದ ಅಭಿಪ್ರಾಯ ಹೊರಬಂದದ್ದು ಆಗಲೇ.

ನಾನು ಕೊಟ್ಟ ಸಲಹೆ ಇದು. ಫೋನಿನಲ್ಲಿ ಹೂಂ ಅನ್ನಬೇಡಿ. ಅವ್ವ ಅತ್ತರೆ ಜಮೀನಿನ ಮಾತೇ ಬೇಡ, "ನಿನ್ನ ಯಾರು ನೋಡ್ಕೋತಾರೆ ಅಂತ ಚಿಂತೆನಾ ಅವ್ವ? ನಾನಿದೀನಿ" ಅನ್ನಿ. ಕಾಗದದ ಮಾತು ಬೇರೆ ದಿನ, ಅಣ್ಣನ ಜೊತೆ ಎದುರಿಗೆ ಕೂತು. ಅವನೂ ಅವ್ವನ ಕಣ್ಣೀರು ಎತ್ತಿದರೆ, "ಅವ್ವನ್ನ ಇಬ್ಬರೂ ನೋಡ್ಕೊಳ್ಳೋಣ, ಈಗ ಜಮೀನಿನ ಲೆಕ್ಕ ಹೇಳು" ಅನ್ನಿ. ದನಿ ಏರಿಸೋದು ಬೇಡ.

ಜೊತೆಗೆ ಕಾನೂನೂ ಗೊತ್ತಿರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿದೆ. ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ವಾಪಸ್ ಪಡೆಯೋದು ಬಹಳ ಕಷ್ಟ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಬನ್ನಿ ಎಂದೆ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ನೆರವು ಉಚಿತ.

ಮುಂದಿನ ಸಲ ಬಂದಾಗ ಸಹಿ ಆಗಿರಲಿಲ್ಲ. ಅಣ್ಣ ಇನ್ನೂ ಗರಂ ಆಗಿದ್ದ. ಅವ್ವ ಮಾತ್ರ ದಿನಾ ಫೋನ್ ಮಾಡುತ್ತಿದ್ದರು. ದೊಡ್ಡಪ್ಪ ಇಬ್ಬರನ್ನೂ ಕೂರಿಸಿ ಮಾತಾಡಿಸಲು ಒಪ್ಪಿದ್ದರು.